ಬಾಯಿ-ದವಡೆ ಸರ್ಜನ್ ಆಗಬೇಕಾ? ಇಂಟರ್ನ್‌ಶಿಪ್ ವರ್ಷ ಕೈ ಜಾರದಿರಲಿ

ಚಿಕ್ಕಬಳ್ಳಾಪುರ: ಹೆದ್ದಾರಿ 44ರಲ್ಲಿ ಬೈಕ್‌ನಿಂದ ಬಿದ್ದು ದವಡೆ ಮುರಿದರೆ, ಗುಟ್ಕಾ ಜಗಿದು ಜಗಿದು ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದಿದ್ದರೆ ಬೇಕಾಗೋದು ಬಾಯಿ-ದವಡೆ ಶಸ್ತ್ರಚಿಕಿತ್ಸಕರು. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ಬ್ಯಾನ್ ಆಗಿದೆ, ಆ ಸುದ್ದಿ ಎಲ್ಲ ಅಂಗಡಿಗಳಿಗೂ ತಲುಪಿದಂತಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದ ಬಿಡಿಎಸ್ ಓದಲು ಹೋದ ಮಕ್ಕಳಲ್ಲಿ ಈ ವಿಭಾಗದ ಮೇಲೆ ಕಣ್ಣಿಟ್ಟವರೂ ಇದ್ದಾರೆ. ಅಂಥವರ ಮನೆಯವರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಬಿಡಿಎಸ್ ಅಂದರೆ 4 ವರ್ಷ ಓದು, 1 ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಅದಾದ ಮೇಲೆ ಸರ್ಜರಿಯಲ್ಲಿ ಎಂಡಿಎಸ್ ಮಾಡಲು ಇನ್ನೂ 3 ವರ್ಷ. ಅಮೆರಿಕದಲ್ಲಿ ಸೀಟು ಸಿಗದವರು ಒಂದು ವರ್ಷ ಸರ್ಜರಿ ವಿಭಾಗದಲ್ಲೇ ಇಂಟರ್ನ್ ಆಗಿ ದುಡಿದು, ದೊಡ್ಡ ಡಾಕ್ಟರ್‌ಗಳಿಂದ ಶಿಫಾರಸು ಪತ್ರ ಪಡೆದು ಮತ್ತೆ ಅರ್ಜಿ ಹಾಕುತ್ತಾರೆ. ಅಲ್ಲಿರುವ ಸಂಬಂಧಿಕರು ಫೋನಿನಲ್ಲಿ ಹೇಳೋದು ಇದನ್ನೇ. ನಮ್ಮಲ್ಲಿ ಅದು ನಡೆಯಲ್ಲ. ಇಲ್ಲಿ ಸಂದರ್ಶನ ಇಲ್ಲ, ಶಿಫಾರಸು ಪತ್ರಕ್ಕೆ ಅಂಕ ಇಲ್ಲ. ಸೀಟು ಸಿಗೋದು ನೀಟ್-ಎಂಡಿಎಸ್ ರ್‍ಯಾಂಕ್ ಮೇಲೆ. ಒಟ್ಟು 240 ಪ್ರಶ್ನೆ, 3 ಗಂಟೆ, 960 ಅಂಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಡಿತ.

ಹಾಗಾದರೆ ಇಂಟರ್ನ್‌ಶಿಪ್ ವರ್ಷದಿಂದ ಏನು ಲಾಭ? ಮೊದಲನೆಯದು ದಿನಾಂಕ. ಸರ್ಕಾರ ಗೊತ್ತು ಮಾಡಿದ ದಿನದೊಳಗೆ ಇಂಟರ್ನ್‌ಶಿಪ್ ಮುಗಿಯದಿದ್ದರೆ ಆ ವರ್ಷ ಪರೀಕ್ಷೆಗೆ ಅರ್ಹತೆಯೇ ಇಲ್ಲ. 2024ರಲ್ಲಿ ಮೊದಲು ಮಾರ್ಚ್ 31 ಅಂತಿದ್ದದ್ದನ್ನು ಜೂನ್ 30ಕ್ಕೆ ಮುಂದೂಡಿದರು. ಪ್ರತಿ ಸಲ ಹೀಗೇ ಆಗುತ್ತೆ ಅಂತ ನಂಬಿ ಕೂರುವಂತಿಲ್ಲ. ಮದುವೆ, ಜಾತ್ರೆ ಅಂತ ಊರಿಗೆ ಬಂದು ರಜೆ ಮೀರಿದರೆ ಅಷ್ಟು ದಿನ ಇಂಟರ್ನ್‌ಶಿಪ್ ಹೆಚ್ಚಿಗೆ ಮಾಡಬೇಕಾಗುತ್ತೆ. ಹತ್ತು ದಿನದ ರಜೆಗೆ ಒಂದು ವರ್ಷ ಹೋದರೆ ನಷ್ಟ ಯಾರಿಗೆ? ಮನೆಯವರೂ ಇದನ್ನು ಅರ್ಥ ಮಾಡಿಕೊಂಡು ‘ಬಾರಪ್ಪ, ಬಾರಮ್ಮ’ ಅಂತ ಕರೆಯೋದು ಕಡಿಮೆ ಮಾಡಬೇಕು.

ಎರಡನೆಯದು ಪೋಸ್ಟಿಂಗ್. ದಂತ ವೈದ್ಯ ಪರಿಷತ್ತಿನ ನಿಯಮದಂತೆ ಸರ್ಜರಿ ವಿಭಾಗಕ್ಕೆ ಸಿಗೋದು ಒಂದೂವರೆ ತಿಂಗಳು ಮಾತ್ರ. ಅದರಲ್ಲಿ 50 ಹಲ್ಲು ಕೀಳುವುದು, ಒಳಗೇ ಸಿಕ್ಕಿಕೊಂಡ ಹಲ್ಲು 2 ತೆಗೆಯುವುದು, ಕೀವು ಹೊರ ತೆಗೆಯುವುದು, ಬಯಾಪ್ಸಿ ಎಲ್ಲ ಸೇರಿದೆ. ಆಯ್ಕೆಯ ಪೋಸ್ಟಿಂಗ್ ಅಂತ ಇನ್ನೂ 15 ದಿನ ಇರುತ್ತೆ, ಅದನ್ನೂ ಸರ್ಜರಿಗೇ ಕೇಳಿಕೊಳ್ಳಬಹುದು. ಅಪಘಾತದ ಕೇಸು ಬರುವ ರಾತ್ರಿ ಡ್ಯೂಟಿಯಲ್ಲಿ ನಿಂತರೆ ಈ ಕೆಲಸ ತನಗೆ ಒಗ್ಗುತ್ತಾ ಇಲ್ಲವಾ ಅನ್ನೋದು ತಿಳಿಯುತ್ತೆ. ರಕ್ತ ನೋಡಿ ತಲೆ ತಿರುಗುವವರು 3 ವರ್ಷ ಕಟ್ಟಿಹಾಕಿಕೊಳ್ಳುವ ಮೊದಲೇ ಬೇರೆ ವಿಭಾಗ ಆರಿಸಿಕೊಳ್ಳಬಹುದು.

ಓದಿಗೆ ಹೆಚ್ಚು ಸಮಯ ಸಿಗೋದು 3 ತಿಂಗಳ ಸಮುದಾಯ ದಂತ ವಿಭಾಗ ಮತ್ತು ಹಳ್ಳಿ ಸೇವೆಯ ಪೋಸ್ಟಿಂಗ್‌ನಲ್ಲಿ. ಸರ್ಜರಿ ಪುಸ್ತಕ ಒಂದನ್ನೇ ಹಿಡಿದರೆ ಸಾಲದು. 240ರಲ್ಲಿ 100 ಪ್ರಶ್ನೆ ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿಯಂಥ ಮೂಲ ವಿಷಯಗಳಿಂದ ಬರುತ್ತೆ, ಜಾಸ್ತಿ ಜನ ಎಡವೋದು ಇಲ್ಲೇ.

ರ್‍ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್ ಎರಡು ಕಡೆ. ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಮತ್ತು ಡೀಮ್ಡ್ ವಿಶ್ವವಿದ್ಯಾಲಯದ ಸೀಟುಗಳು ದೆಹಲಿಯ ಎಂಸಿಸಿ ಮೂಲಕ, ರಾಜ್ಯದ ಪಾಲು ಬೆಂಗಳೂರಿನ ಕೆಇಎ ಮೂಲಕ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಸೀಟು ಬೇಕಿದ್ದರೆ ಎರಡರಲ್ಲೂ ಹೆಸರು ನೋಂದಾಯಿಸೋದು ಒಳ್ಳೇದು. ಖಾಸಗಿ ಕಾಲೇಜಿನ ಫೀಸು ಲಕ್ಷಗಳಲ್ಲಿರುತ್ತೆ, ಟೊಮೆಟೊ ರೇಟು ನಂಬಿ ಒಪ್ಪಿಕೊಳ್ಳುವ ಮೊತ್ತ ಅಲ್ಲ.

ಇಲ್ಲೊಂದು ಕಾಗದದ ವಿಷಯ ಇದೆ. ರಾಜ್ಯದ 2ಎ, 3ಎ ಜಾತಿ ಪ್ರಮಾಣ ಪತ್ರ ಕೆಇಎಗೆ ಸಾಕು. ಅಖಿಲ ಭಾರತ ಕೋಟಾಗೆ ಕೇಂದ್ರದ ನಮೂನೆಯ ಒಬಿಸಿ ಪತ್ರವೇ ಆಗಬೇಕು, ಜಾತಿ ಕೇಂದ್ರದ ಪಟ್ಟಿಯಲ್ಲೂ ಇರಬೇಕು. ಇದನ್ನು ತಾಲ್ಲೂಕು ಕಚೇರಿಯಲ್ಲಿ ಇಂಟರ್ನ್‌ಶಿಪ್ ನಡೆಯುವಾಗಲೇ ಮಾಡಿಸಿಟ್ಟುಕೊಳ್ಳಬೇಕು. ಕೌನ್ಸೆಲಿಂಗ್ ಶುರುವಾದ ಮೇಲೆ ಅರ್ಜಿ ಕೊಟ್ಟರೆ ಸಹಿಗೆ ಕಾಯುವಷ್ಟರಲ್ಲಿ ಸುತ್ತು ಮುಗಿದಿರುತ್ತೆ.