ಎರಡು ಭಾಷೆ ಕಲಿತರೆ ತಲೆ ಕೆಡುತ್ತಾ? ನೂರು ವರ್ಷ ಹಳೇ ತಪ್ಪು ಲೆಕ್ಕದ ಕಥೆ

ಭಾಗ 1
ಹತ್ತನೇ ಕ್ಲಾಸ್ ತನಕ ನಾನು ಕನ್ನಡ ಮೀಡಿಯಂ. ಪಿಯುಸಿಯ ಮೊದಲ ವಾರ 'ಡಿಪ್ರಿಸಿಯೇಷನ್' ಅಂದ್ರೇನು ಅಂತ ಗೊತ್ತಾಗದೆ ಪಕ್ಕದವರ ನೋಟ್ಸ್ ನೋಡಿ ಬರ್ಕೊಂಡಿದ್ದೆ. 'ಸವಕಳಿ' ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಮೊನ್ನೆ ಸೆಮಿನಾರಲ್ಲಿ ಇಂಗ್ಲಿಷ್ ತಡವರಿಸಿದಾಗ ಒಬ್ಬರು, "ಚಿಕ್ಕವರಿದ್ದಾಗಲೇ ಕಲೀಬೇಕಿತ್ತು, ಇನ್ನು ತಲೆಗೆ ಹತ್ತಲ್ಲ" ಅಂದ್ರು. ಅದೇ ವಾರ ಅಕ್ಕನ ಮಗನ ಸ್ಕೂಲಲ್ಲಿ, "ಮನೇಲೂ ಇಂಗ್ಲಿಷೇ ಮಾತಾಡಿ, ಎರಡು ಭಾಷೆ ಆದ್ರೆ ಮಗು ಕನ್‌ಫ್ಯೂಸ್ ಆಗುತ್ತೆ" ಅಂದ್ರಂತೆ. ಈ ಎರಡು ಮಾತು ಹುಟ್ಟಿದ್ದೆಲ್ಲಿ ಅಂತ ಹುಡುಕಿದೆ. ಎರಡಕ್ಕೂ ಇತಿಹಾಸ ಇದೆ.

ಭಾಗ 2
1861, ಪ್ಯಾರಿಸ್. ಪಾಲ್ ಬ್ರೋಕಾ ಅನ್ನೋ ವೈದ್ಯರ ಹತ್ರ ಒಬ್ಬ ರೋಗಿ ಬಂದ. ಬೇರೆಯವರು ಹೇಳಿದ್ದು ಅವನಿಗೆ ಅರ್ಥ ಆಗ್ತಿತ್ತು, ಆದ್ರೆ ಬಾಯಿಂದ ಬರ್ತಿದ್ದದ್ದು ಹೆಚ್ಚುಕಡಿಮೆ 'ಟ್ಯಾನ್' ಅನ್ನೋ ಒಂದೇ ಶಬ್ದ. ಅವನು ತೀರಿಕೊಂಡ ಮೇಲೆ ನೋಡಿದ್ರೆ ಮೆದುಳಿನ ಎಡಭಾಗದ ಮುಂದಿನ ಜಾಗ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಮಾತನ್ನು ಅರ್ಥ ಮಾಡ್ಕೊಳ್ಳೋಕೆ ಇನ್ನೂ ಹಿಂದೆ ಬೇರೆ ಜಾಗ ಇದೆ ಅಂತ ತೋರಿಸಿದ್ರು.
ಹಾಗಾದ್ರೆ ಎರಡು ಭಾಷೆ ಗೊತ್ತಿದ್ದವರಿಗೆ? 1895ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಪಿತ್ರೆ, ಹಲವು ಭಾಷೆ ಬಲ್ಲವರು ಮಾತು ಕಳ್ಕೊಂಡ ಪ್ರಕರಣಗಳನ್ನ ಒಟ್ಟುಗೂಡಿಸಿ ನೋಡಿದ್ರು. ಮೊದಲು ವಾಪಸ್ ಬರೋದು ತಾಯ್ನುಡಿಯೇ ಆಗಿರಬೇಕಿಲ್ಲ, ಕಾಯಿಲೆಗೆ ಮುಂಚೆ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಅನ್ನೋದು ಅವರ ವಾದ. ಅಂದ್ರೆ ಕಲಿತ ವಯಸ್ಸಷ್ಟೇ ಅಲ್ಲ, ಬಳಕೆಯೂ ಲೆಕ್ಕಕ್ಕೆ ಬರುತ್ತೆ.

ಭಾಗ 3
ಈಗ 'ಕನ್‌ಫ್ಯೂಸ್' ಮಾತಿಗೆ ಬರೋಣ. 1923ರಲ್ಲಿ ಡಿ. ಜೆ. ಸೇರ್ ಅನ್ನೋರು ಬ್ರಿಟನ್ನಿನ ವೇಲ್ಸ್‌ನಲ್ಲಿ ಶಾಲಾ ಮಕ್ಕಳ ಬುದ್ಧಿ ಪರೀಕ್ಷೆ ಮಾಡಿದ್ರು. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಆಡೋ ಹಳ್ಳಿ ಮಕ್ಕಳಿಗೆ ಕಮ್ಮಿ ಅಂಕ ಬಂತು. ಎರಡು ಭಾಷೆ ಮಗುವಿನ ಮನಸ್ಸಿಗೆ ಹೊರೆ ಅನ್ನೋ ತೀರ್ಮಾನ ಹಬ್ಬಿತು. ಆದ್ರೆ ಅದೇ ಅಧ್ಯಯನದಲ್ಲಿ ಪಟ್ಟಣದ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ! ಹಾಗಿದ್ರೆ ತಪ್ಪು ಭಾಷೆದಾ, ಬಡತನ, ಶಾಲೆ, ಪರೀಕ್ಷೆಯ ಭಾಷೆ ಇವುಗಳದ್ದಾ? ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ನಾವು ಎಂಟ್ರಿಗಳನ್ನ ಮತ್ತೆ ನೋಡ್ತೀವಿ. ಇಲ್ಲಿ ಸುಮಾರು ನಲವತ್ತು ವರ್ಷ ಹೆಚ್ಚಿನವರು ನೋಡಲೇ ಇಲ್ಲ.

ಭಾಗ 4
ನೋಡಿದ್ದು 1962ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಎಲಿಜಬೆತ್ ಪೀಲ್ ಮತ್ತು ವ್ಯಾಲೆಸ್ ಲ್ಯಾಂಬರ್ಟ್ 10 ವರ್ಷದ ಮಕ್ಕಳನ್ನ ತಗೊಂಡ್ರು. ಮನೆಯ ಆರ್ಥಿಕ ಸ್ಥಿತಿಯನ್ನೂ ಸರಿದೂಗಿಸಿ ಹೋಲಿಸಿದ್ರು. ಫ್ರೆಂಚ್, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳು ಹಿಂದೆ ಬೀಳೋದಿರಲಿ, ಮುಂದೇ ಇದ್ರು. ಎರಡೂ ಭಾಷೆ ಚೆನ್ನಾಗಿ ಬರೋ ಮಕ್ಕಳನ್ನೇ ಆರಿಸಿದ್ರಿಂದ ಈ ಲೆಕ್ಕದ ಮೇಲೂ ಆಕ್ಷೇಪ ಬಂತು. 'ಎರಡು ಭಾಷೆ ಅಂದ್ರೆ ಹೆಚ್ಚು ಬುದ್ಧಿ' ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಇವತ್ತಿಗೂ ಜಗಳ ಇದೆ. ಆದ್ರೆ 'ಮಗು ದಡ್ಡಾಗುತ್ತೆ' ಅನ್ನೋ ವಾದ ಅಲ್ಲಿಂದ ಮೇಲೇಳಲಿಲ್ಲ.

ಭಾಗ 5
ಇನ್ನು 'ತಲೆಗೆ ಹತ್ತಲ್ಲ' ಅನ್ನೋದು. 1967ರಲ್ಲಿ ಎರಿಕ್ ಲೆನ್ನೆಬರ್ಗ್, ಸಹಜವಾಗಿ ಭಾಷೆ ಕಲಿಯೋ ಬಾಗಿಲು ಹರೆಯ ಬರೋ ಹೊತ್ತಿಗೆ ಮುಚ್ಚುತ್ತೆ ಅಂದ್ರು. 1997ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ದ್ವಿಭಾಷಿಗಳ ಮೆದುಳನ್ನ ಸ್ಕ್ಯಾನ್ ಮಾಡಿದ್ರು. ಚಿಕ್ಕಂದಿನಲ್ಲೇ ಎರಡೂ ಕಲಿತವರಿಗೆ ಬ್ರೋಕಾ ಜಾಗದಲ್ಲಿ ಎರಡಕ್ಕೂ ಒಂದೇ ತಾಣ, ದೊಡ್ಡವರಾದ ಮೇಲೆ ಕಲಿತವರಿಗೆ ಪಕ್ಕಪಕ್ಕದಲ್ಲಿ ಬೇರೆ ಬೇರೆ. ಆದ್ರೆ ಪರೀಕ್ಷೆ ಮಾಡಿದ್ದು 12 ಜನರನ್ನ ಮಾತ್ರ. ಅದೂ ಅಲ್ಲದೆ, ಬೇರೆ ಜಾಗ ಅಂದ್ರೆ ಜಾಗವೇ ಇಲ್ಲ ಅಂತಲ್ಲ!
2018ರಲ್ಲಿ ಸುಮಾರು 6.7 ಲಕ್ಷ ಜನ ಆನ್‌ಲೈನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣ ಪರೀಕ್ಷೆಯ ಫಲಿತಾಂಶ ಬಂತು. ವ್ಯಾಕರಣ ಹಿಡಿಯೋ ಶಕ್ತಿ ಸುಮಾರು 17 ವರ್ಷದವರೆಗೂ ಉಳಿದು, ಆಮೇಲೆ ಇಳಿಯುತ್ತೆ ಅಂತ ಸಂಶೋಧಕರು ಅಂದಾಜಿಸಿದ್ರು. ನಂಗೀಗ 20. ಓದಿ ಸ್ವಲ್ಪ ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ಇಳಿಯೋದು ಬೇರೆ, ನಿಂತೇ ಹೋಗೋದು ಬೇರೆ. ಹೊಸ ಪದಗಳನ್ನಂತೂ ಮನುಷ್ಯ ಮುಪ್ಪಿನ ತನಕ ಕಲೀತಾನೇ ಇರ್ತಾನೆ.

ಭಾಗ 6
ನಂಗೆ ತುಂಬಾ ಇಷ್ಟವಾಗಿದ್ದು ಪಕ್ಕದ ಹೈದರಾಬಾದಿನ ಅಧ್ಯಾಯ. 2013ರಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಇದ್ದ 648 ಜನರ ದಾಖಲೆ ನೋಡಿದ್ರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಗೊತ್ತಿಲ್ಲದವರಲ್ಲೂ! ಕಾಯಿಲೆ ಬರೋದೇ ಇಲ್ಲ ಅಂತಲ್ಲ, ತಡವಾಗಿ ಬಂತು ಅಂತ. ಅಂದ್ರೆ ಈ ಲಾಭ ಬರೀ ಓದಿದ್ದರಿಂದ ಬಂದಿದ್ದು ಅನ್ನೋ ಹಾಗಿಲ್ಲ. ಸಂತೆಯಲ್ಲಿ, ಬೀದಿಯಲ್ಲಿ, ನೆರೆಮನೆಯಲ್ಲಿ ಕಲಿತ ಭಾಷೆಯೂ ಭಾಷೆಯೇ.

ಭಾಗ 7
ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅಕ್ಕನ ಮಗ ಅಜ್ಜಿ ಜೊತೆ ಕನ್ನಡದಲ್ಲೇ ಜಗಳ ಆಡ್ತಿದ್ದಾನೆ, ಸ್ಕೂಲಲ್ಲಿ ಇಂಗ್ಲಿಷೂ ಕಲೀತಿದ್ದಾನೆ. ನಂಗೆ ಮುಂದಿನ ವಾರ ಮತ್ತೆ ಸೆಮಿನಾರ್ ಇದೆ. ತಡವರಿಸ್ತೀನಿ, ಗೊತ್ತು. ಆದ್ರೂ ಈ ಸಲ ಮಧ್ಯದಲ್ಲಿ ಕೂತ್ಕೊಳ್ಳಲ್ಲ.

ಒಂದು ಪ್ರಶ್ನೆ: ಮನಸ್ಸಲ್ಲೇ ದುಡ್ಡು ಎಣಿಸುವಾಗ ನೀವು ಯಾವ ಭಾಷೇಲಿ ಎಣಿಸ್ತೀರ? ಕಾಮೆಂಟಲ್ಲಿ ಹೇಳಿ. ಬಿಕಾಂ ಮೂರನೇ ವರ್ಷಕ್ಕೆ ಬಂದ್ರೂ ನಾನಂತೂ ಕನ್ನಡದಲ್ಲೇ.

#ಕನ್ನಡಮೀಡಿಯಂ #ಇತಿಹಾಸ #ಮೆದುಳುಮತ್ತುಭಾಷೆ