ಸೀಟಿನಿಂದ ಪೀಠಕ್ಕೆ: ಕಲಬುರಗಿ ಸೀಮೆಯ ಮಹಿಳೆ ಮತ್ತು ವೈದ್ಯಶಿಕ್ಷಣದ ನೇತೃತ್ವ

ವೈದ್ಯಶಿಕ್ಷಣದಲ್ಲಿ ಮಹಿಳೆಯರ ನೇತೃತ್ವವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಪ್ರಾಂಶುಪಾಲರ ಕೊಠಡಿಯಲ್ಲಿ ತೂಗುವ ಹಲಗೆಯಿಂದ ಶುರುಮಾಡುತ್ತಾರೆ. ಯಾರು ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು, ಅವರಲ್ಲಿ ಹೆಂಗಸರು ಎಷ್ಟು ಎಂದು ಎಣಿಸುತ್ತಾರೆ, ಲೇಖನ ಮುಗಿಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಟ್ಟಿಗೆ ಈ ಕ್ರಮ ನಡೆಯುವುದಿಲ್ಲ. ಈ ಐದೂ ಊರುಗಳಲ್ಲಿ ವೈದ್ಯ ಕಾಲೇಜೇ ಇಲ್ಲ, ಹಲಗೆ ಎಲ್ಲಿಂದ ಬರಬೇಕು? ಇಲ್ಲಿ ಮೊದಲು ಕೇಳಬೇಕಾದದ್ದು, ಈ ಸೀಮೆಯ ಹುಡುಗಿ ವೈದ್ಯ ಕಾಲೇಜಿನ ಬಾಗಿಲು ಮುಟ್ಟಿದ್ದು ಯಾವ ದಾರಿಯಿಂದ, ಯಾವ ಭಾಷೆಯಲ್ಲಿ, ಯಾರ ದುಡ್ಡಿನಿಂದ ಎಂದು. ಪೀಠದ ಮಾತು ಆಮೇಲೆ.

ದಾರಿಯನ್ನು ನಕಾಶೆಯೇ ಹೇಳುತ್ತದೆ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಚಿತ್ತಾಪುರ, ಸೇಡಂ ಆ ಹಳಿಯ ಮೇಲಿನ ನಿಲ್ದಾಣಗಳು. ಶಹಾಬಾದ್ ಮುಂಬಯಿ–ಮದರಾಸು ಹಾದಿಯ ಮೇಲಿದೆ; ಅಲ್ಲಿನ ಫರಸಿ ಕಲ್ಲು ದೇಶವೆಲ್ಲ ತಿರುಗಿದ್ದು ಆ ಹಾದಿಯಿಂದಲೇ. ಚಿಂಚೋಳಿಗೆ ಮಾತ್ರ ಹಳಿ ಮುಟ್ಟಲಿಲ್ಲ. ಹೀಗಾಗಿ ಈ ಭಾಗದ ಜನಕ್ಕೆ ದೊಡ್ಡ ದವಾಖಾನಿ ಎಂದರೆ ಬಹುಕಾಲ ಹೈದರಾಬಾದೇ. 1846ರಲ್ಲಿ ಶುರುವಾದ ಅಲ್ಲಿನ ವೈದ್ಯ ಶಾಲೆಗೆ 1885ರಲ್ಲಿ ಐವರು ಮಹಿಳೆಯರು ಸೇರಿದರು. ಅವರಲ್ಲೊಬ್ಬರು ರೂಪಾಬಾಯಿ ಫರ್ದುನ್‌ಜಿ. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರ ಸಾಲಿನಲ್ಲಿ ಅವರ ಹೆಸರನ್ನು ಹೇಳುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಇನ್ನೂ ವೈದ್ಯ ಕಾಲೇಜು ಇಲ್ಲದಿದ್ದ ಕಾಲದ ಮಾತಿದು. ಸೇಡಂ ನಿಲ್ದಾಣದಲ್ಲಿ ರೈಲು ಹತ್ತಿದರೆ ಇಳಿಯುವ ಊರಿನಲ್ಲೇ ಹೆಂಗಸರು ಕ್ಲೋರೋಫಾರ್ಮ್ ಕೊಡುವುದನ್ನು ಕಲಿಯುತ್ತಿದ್ದರು.

ರೈಲು ಇತ್ತು, ಭಾಷೆ ಇರಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದ ಮೇಲೆ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿ ಕಲಿಸಿದರು. 1948ರವರೆಗೆ ಅದೇ ನಡೆಯಿತು. ಭಾರತೀಯ ಭಾಷೆಯೊಂದರಲ್ಲಿ ಎಂಬಿಬಿಎಸ್ ಪಾಠ ಹೇಳಿದ ಆ ಪ್ರಯೋಗವನ್ನು ವಿದ್ವಾಂಸರು ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಮನೆಯಲ್ಲಿ ಕನ್ನಡ ಆಡುವ ಚಿತ್ತಾಪುರದ ಹುಡುಗಿಗೆ ಆ ‘ದೇಶಭಾಷೆ’ಯೂ ಪರಭಾಷೆಯೇ. 1948ರ ನಂತರ ಉರ್ದು ಹೋಗಿ ಇಂಗ್ಲಿಷ್ ಬಂತು. ಬಾಗಿಲಿಗೆ ಬೀಗ ಬದಲಾಯಿತು, ಕೀಲಿಕೈ ಮಾತ್ರ ಅವಳ ಕೈಗೆ ಆಗಲೂ ಸಿಗಲಿಲ್ಲ. ಈ ಭಾಗದ ಹೆಣ್ಣುಮಕ್ಕಳ ಶಿಕ್ಷಣ ಹಿಂದುಳಿದದ್ದಕ್ಕೆ ಬಡತನ, ಬಾಲ್ಯವಿವಾಹಗಳನ್ನು ಕಾರಣವಾಗಿ ಕೊಡುತ್ತಾರೆ. ಅವು ನಿಜವೇ. ಅವುಗಳ ಜೊತೆಗೆ ಮಾಧ್ಯಮದ ಈ ಕಂಟಕವನ್ನೂ ಬರೆಯಬೇಕು ಎಂಬುದು ನನ್ನ ವಾದ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ತಾಲ್ಲೂಕುಗಳ ಸಭೆಗಳಲ್ಲಿ ಶಿಕ್ಷಣದ ವಿಷಯ ಬಂದರೆ ಭಾಷಣಕಾರರು ನೇರವಾಗಿ ನಾಗಾವಿಗೆ ಹೋಗುತ್ತಾರೆ. ಚಿತ್ತಾಪುರದ ಪಕ್ಕದ ನಾಗಾವಿಯ 1058ರ ಶಾಸನ ದೊಡ್ಡ ದಾಖಲೆ ಎಂಬುದರಲ್ಲಿ ಸಂಶಯವಿಲ್ಲ: ಘಟಿಕಾಸ್ಥಾನದಲ್ಲಿ ವೇದ ಓದುವ 200, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ಅವರಿಗೆ ಅಧ್ಯಾಪಕರು, ಮೇಲಾಗಿ ಗ್ರಂಥಗಳನ್ನು ನೋಡಿಕೊಳ್ಳಲು 6 ಮಂದಿ ಸರಸ್ವತೀ ಭಂಡಾರಿಗರು. ಸೇಡಂ ತಾಲ್ಲೂಕಿನ ಮಳಖೇಡಕ್ಕೆ ವೈದ್ಯದ ನಂಟೂ ಇದೆ. ‘ಕಲ್ಯಾಣಕಾರಕ’ ಬರೆದ ಜೈನ ವೈದ್ಯ ಉಗ್ರಾದಿತ್ಯ ಮಾಂಸಾಹಾರವನ್ನು ನಿರಾಕರಿಸಿ ವಾದ ಮಂಡಿಸಿದ್ದು ನೃಪತುಂಗನ ಸಭೆಯಲ್ಲಿ. ಹೆಮ್ಮೆಪಡೋಣ. ಆದರೆ ಘಟಿಕಾಸ್ಥಾನದಿಂದ ಇಂದಿನ ವೈದ್ಯ ಕಾಲೇಜಿಗೆ ಗೆರೆ ಎಳೆಯುವುದು ಸಂಶೋಧನೆಯಲ್ಲ. ನಡುವಿನ ಒಂಬತ್ತು ಶತಮಾನವನ್ನು ಹಾರಿದವರಿಗೆ 1963 ಕಾಣುವುದಿಲ್ಲ.

1963 ಯಾಕೆ? ಆ ವರ್ಷ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ವೈದ್ಯ ಕಾಲೇಜು ಆರಂಭವಾಯಿತು. ಇಂದು ಅದು ಮಹಾದೇವಪ್ಪ ರಾಂಪುರೆಯವರ ಹೆಸರಿನಲ್ಲಿದೆ. ಭಾಷಾವಾರು ಪ್ರಾಂತಗಳಾಗಿ ಏಳು ವರ್ಷ ಕಳೆದಿತ್ತು. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲೇ ಬಂದಿತ್ತು. ಈಗ ಮಗಳನ್ನು ಡಾಕ್ಟರ್ ಮಾಡಬೇಕೆಂದರೆ ಹೈದರಾಬಾದಿನ ಗಾಡಿಯನ್ನೇ ಹತ್ತಬೇಕಿರಲಿಲ್ಲ. ಶಹಾಬಾದಿನವರಿಗೆ ಕಲಬುರಗಿ ಪಕ್ಕದ ಊರು. ಆದರೂ ಕಾಲೇಜು ಹತ್ತಿರವಾದ ಮಾತ್ರಕ್ಕೆ ಸೀಟು ಹತ್ತಿರವಾಗಲಿಲ್ಲ ಎಂಬುದಕ್ಕೆ ಕಲಬುರಗಿಯಲ್ಲೇ ಒಂದು ಉದಾಹರಣೆ ಇದೆ.

ಡಾ. ವಿಜಯಲಕ್ಷ್ಮಿ ದೇಶಮಾನೆ ಹುಟ್ಟಿದ್ದು ಕಲಬುರಗಿಯ ಬಡ ದಲಿತ ಕುಟುಂಬದಲ್ಲಿ. ತಾಯಿ ತರಕಾರಿ ಮಾರಿ ಸಂಸಾರಕ್ಕೆ ಆಸರೆಯಾದವರು. ವೈದ್ಯ ಕಾಲೇಜಿನ ಖರ್ಚಿಗೆ ತಾಯಿ ತನ್ನ ತಾಳಿಯನ್ನೇ ಬಿಚ್ಚಿಕೊಟ್ಟ ಸಂಗತಿಯನ್ನು ದೇಶಮಾನೆಯವರು ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಸಂಶೋಧಕ ಗಮನಿಸಬೇಕಾದದ್ದು ಅವರು ಓದಿದ ಕಾಲೇಜು: ಮನೆ ಇರುವ ಊರಿನಲ್ಲಿ ವೈದ್ಯ ಕಾಲೇಜು ಇದ್ದೂ ಅವರು ಎಂಬಿಬಿಎಸ್ ಮಾಡಿದ್ದು ಹುಬ್ಬಳ್ಳಿಯಲ್ಲಿ. ಊರಿನದು ಖಾಸಗಿ ಸಂಸ್ಥೆ, ಹುಬ್ಬಳ್ಳಿಯದು ಸರ್ಕಾರಿ. ತಾಳಿಯ ಕಥೆಯನ್ನೂ ಈ ವ್ಯತ್ಯಾಸವನ್ನೂ ಒಟ್ಟಿಗೆ ಇಟ್ಟು ಓದಿದರೆ ಕಾರಣ ಊಹಿಸುವುದು ಕಷ್ಟವಲ್ಲ. ಊಹೆ ನನ್ನದು. ಕನ್ನಡ ಮಾಧ್ಯಮದಿಂದ ಹೋಗಿ ಮೊದಲ ವರ್ಷ ಇಂಗ್ಲಿಷ್ ಪಾಠಗಳ ಮುಂದೆ ತಡವರಿಸಿದ್ದನ್ನು ಮಾತ್ರ ಅವರೇ ಹೇಳಿದ್ದಾರೆ. ಉಸ್ಮಾನಿಯಾದ ಬಾಗಿಲಲ್ಲಿದ್ದ ಬೀಗವೇ ಹುಬ್ಬಳ್ಳಿಯಲ್ಲೂ ಇತ್ತು.

ಮುಂದೆ ಅವರು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಹೆಸರಾದರು, ಪ್ರಾಧ್ಯಾಪಕಿಯಾಗಿ ಹೊಸಬರನ್ನು ತರಬೇತುಗೊಳಿಸಿದರು. 2025ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳು ಪ್ರಶಸ್ತಿಯನ್ನು ಶೀರ್ಷಿಕೆ ಮಾಡಿದವು. ನನ್ನ ಲೆಕ್ಕದಲ್ಲಿ ನೇತೃತ್ವ ಎಂದರೆ ಆಪರೇಷನ್ ಮೇಜಿನ ಇನ್ನೊಂದು ಬದಿಗೆ ನಿಂತ ಸ್ನಾತಕೋತ್ತರ ವಿದ್ಯಾರ್ಥಿಯ ಕೈಯನ್ನು ತಿದ್ದಿದ್ದು. ಹಲಗೆಯ ಮೇಲೆ ಅದು ಬರುವುದಿಲ್ಲ. ಇನ್ನೊಂದು ಮಾತು: ದೇಶಮಾನೆ ಕಲಬುರಗಿ ನಗರದವರು. ‘ನಮ್ಮ ತಾಲ್ಲೂಕಿನ ಮಗಳು’ ಎಂದು ಸುತ್ತಲಿನ ಊರುಗಳು ಅವರನ್ನು ಹಂಚಿಕೊಳ್ಳಲು ಹೋಗಬಾರದು.

ಪೀಠಗಳ ವಿಷಯ ಬೇಗ ಹೇಳಿ ಮುಗಿಸಬಹುದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಮೊದಲ ಕುಲಪತಿಯಾದವರು ಡಾ. ಎಸ್. ಕಾಂತಾ. ಅಲ್ಲಿಯವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದ ಕಲಬುರಗಿಯ ವೈದ್ಯ ಕಾಲೇಜೂ ಹೊಸ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂತು. 2013ರಲ್ಲಿ ಕಲಬುರಗಿಗೆ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಬಂತು, ಇಎಸ್‌ಐ ವೈದ್ಯ ಕಾಲೇಜೂ ಬಂತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯಲ್ಲೇ ದಾಖಲಾಯಿತು; ಆ ಕಾಲದಲ್ಲಿ ಜಿಮ್ಸ್ ನಿರ್ದೇಶಕಿಯಾಗಿದ್ದವರು ಡಾ. ಕವಿತಾ ಪಾಟೀಲ. ವೈದ್ಯಕೀಯ ಶಿಕ್ಷಣ ಸಚಿವರಂತೂ ಎರಡು ಸಲ ಸೇಡಂ ಕ್ಷೇತ್ರದಿಂದಲೇ ಬಂದಿದ್ದಾರೆ, ಡಾ. ಶರಣಪ್ರಕಾಶ ಪಾಟೀಲ. ಖಾತೆ ಊರಿಗೆ ಬಂದಷ್ಟು ಸಲೀಸಾಗಿ ಪ್ರಾಧ್ಯಾಪಕಿಯ ಕುರ್ಚಿ ಊರಿನ ಮಗಳಿಗೆ ಬರುವುದಿಲ್ಲ. ಯಾಕೆಂಬುದು ಗಣಿತದ ಪ್ರಶ್ನೆ.

ಸಂವಿಧಾನದ 371(ಜೆ) ವಿಧಿಯ ಕೆಳಗೆ 2013ರಲ್ಲಿ ಹೊರಟ ಆದೇಶ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. ಚಿಂಚೋಳಿಯ ಒಬ್ಬ ಹುಡುಗಿ 2014ರಲ್ಲಿ ಆ ಸೀಟು ಪಡೆದಳೆಂದು ಇಟ್ಟುಕೊಳ್ಳಿ. ಹೌಸ್ ಸರ್ಜನ್ಸಿ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ: 2020. ಸ್ನಾತಕೋತ್ತರ ಪದವಿಗೆ ಮೂರು: 2023. ಸೀನಿಯರ್ ರೆಸಿಡೆಂಟ್ ಆಗಿ ಒಂದು: 2024. ಸಹಾಯಕ ಪ್ರಾಧ್ಯಾಪಕಿಯಾಗಿ ನಾಲ್ಕು, ಸಹ ಪ್ರಾಧ್ಯಾಪಕಿಯಾಗಿ ಮೂರು: 2031. ಒಂದು ವರ್ಷವೂ ತಪ್ಪದೆ, ಮೊದಲ ಯತ್ನದಲ್ಲೇ ಪಿಜಿ ಸೀಟು ಸಿಕ್ಕಿ, ಖಾಲಿ ಹುದ್ದೆ ಕಾಯದೆ ನಡೆದರೆ ಈ ಲೆಕ್ಕ. ಮದುವೆ, ಬಾಣಂತನ ಬರುವುದೂ 2020–2028ರ ಈ ಅವಧಿಯಲ್ಲೇ. ಡೀನ್ ಹುದ್ದೆಗೆ ಪ್ರಾಧ್ಯಾಪಕಿಯಾದ ಮೇಲೂ ಹಲವು ವರ್ಷದ ಅನುಭವ ಬೇಕು. ಆದ್ದರಿಂದ 371(ಜೆ) ಬಂದು ಹತ್ತು ವರ್ಷವಾದರೂ ವಿಭಾಗ ಮುಖ್ಯಸ್ಥೆಯರಲ್ಲಿ ನಮ್ಮವರು ಯಾಕಿಲ್ಲ ಎಂಬ ಆಕ್ಷೇಪ ಅವಸರದ್ದು. ಇಂದಿನ ಪೀಠಗಳಲ್ಲಿ ಕೂತವರ ಹಣೆಬರಹ ನಿರ್ಧಾರವಾದದ್ದು 1980ರ ದಶಕದ ಸೀಟು ಹಂಚಿಕೆಯಲ್ಲಿ; ಆಗ ಈ ವಿಧಿಯೂ ಇರಲಿಲ್ಲ, ಜಿಮ್ಸೂ ಇರಲಿಲ್ಲ.

ಈ ಇತಿಹಾಸದ ಆರಂಭದ ಪುಟಗಳು ಸರ್ಕಾರಿ ಕಡತಕ್ಕಿಂತ ಮನೆಗಳ ಗೋಡೆಯ ಮೇಲಿವೆ. ಐದು ಊರುಗಳ ಓದುಗರಲ್ಲಿ ವಿನಂತಿ: 1963ರಿಂದ 1980ರವರೆಗಿನ ವೈದ್ಯ ಕಾಲೇಜಿನ ಗ್ರೂಪ್ ಫೋಟೊ ನಿಮ್ಮ ಮನೆಯಲ್ಲಿದ್ದರೆ, ಅದರಲ್ಲಿ ಸೀರೆಯುಟ್ಟು ಕೂತವರ ಹೆಸರು, ಊರು, ತಂದೆ–ತಾಯಿಯ ಕಸುಬನ್ನು ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಕೇಳಿ, ಪೆನ್ಸಿಲಿನಲ್ಲಿ ಫೋಟೊದ ಹಿಂಬದಿಗೆ ಬರೆದಿಡಿ.