ಹೆಬ್ಬಾಳದ ದಾರಿಯೂ ಜನರ ಅಹವಾಲೂ

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಕೂಡಿತು. ಬಂದ ಪ್ರತಿನಿಧಿಗಳು 144 ಮಂದಿ. ತಮ್ಮ ಸೀಮೆಯ ಕುಂದುಕೊರತೆಗಳನ್ನು ಹೇಳಿಕೊಳ್ಳುವ ಅವಕಾಶ ಅವರಿಗಿತ್ತು. ಹೇಳಿದ್ದನ್ನು ಮಾಡಿಸುವ ಅಧಿಕಾರವಿರಲಿಲ್ಲ. ಬ್ರಿಟಿಷ್ ಇಂಡಿಯಾದ 1894ರ ಭೂಸ್ವಾಧೀನ ಕಾಯಿದೆಗೆ 1923ರಲ್ಲಿ 5ಎ ಎಂಬ ಕಲಮು ಸೇರಿತು. ರಸ್ತೆಗೋ ಕಟ್ಟಡಕ್ಕೋ ಹೊಲ ಕಳೆದುಕೊಳ್ಳುವವನು ಮೂವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು, ಕಲೆಕ್ಟರರು ಅದನ್ನು ಆಲಿಸಬೇಕಿತ್ತು. ಆದರೆ ಕೊನೆಯ ತೀರ್ಮಾನ ಸರ್ಕಾರದ್ದೇ ಆಗಿತ್ತು. ಬೇಡುವವನೂ ಸರ್ಕಾರ, ತೀರ್ಪು ಕೊಡುವವನೂ ಸರ್ಕಾರ!

ಈ ಹಳೆಯ ಕಥೆ ನೆನಪಾಗುವುದು ಬೆಂಗಳೂರಿನ ಉತ್ತರ ದಿಕ್ಕಿನ ಎರಡು ದಾರಿಗಳಿಂದ. ಮೊದಲನೆಯದು ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉದ್ದೇಶಿಸಿದ್ದ 6.7 ಕಿಲೋಮೀಟರಿನ ಉಕ್ಕಿನ ಸೇತುವೆ. ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾಗಿದ್ದ ಮರಗಳು 812. ಅಭಿವೃದ್ಧಿ ಪ್ರಾಧಿಕಾರ ಜನಾಭಿಪ್ರಾಯ ಕೇಳಿತ್ತು, ನಿಜ. ಉತ್ತರ ಬರೆದವರು 299 ಜನ, ಅವರಲ್ಲಿ ನೂರಕ್ಕೆ 73 ಮಂದಿ ಸೇತುವೆಯ ಪರ ಎಂದು ಲೆಕ್ಕವನ್ನೂ ಹೇಳಿತು. ಕೋಟಿ ಜನರ ಊರಿನಲ್ಲಿ ಮುನ್ನೂರು ಕಾಗದಗಳನ್ನು ಊರಿನ ಒಪ್ಪಿಗೆ ಎನ್ನಲು ಸಾಕಷ್ಟು ಧೈರ್ಯ ಬೇಕು. 2016ರ ಅಕ್ಟೋಬರ್ 16ರಂದು ಊರಿನವರು ಅದೇ ದಾರಿಯ ಬದಿಯಲ್ಲಿ ಕೈಕೈ ಹಿಡಿದು ನಿಂತು ತಮ್ಮ ಉತ್ತರ ಕೊಟ್ಟರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ಕೆಲಸಕ್ಕೆ ತಡೆಯಿತ್ತಿತು. 2017ರ ಮಾರ್ಚ್ 2ರಂದು ಸಚಿವ ಕೆ.ಜೆ. ಜಾರ್ಜ್ ಅವರು ಯೋಜನೆ ಕೈಬಿಟ್ಟ ಸುದ್ದಿ ಹೇಳಿದರು. ಕಾರಣವಾಗಿ ಮುಂದಿಟ್ಟದ್ದು ಭ್ರಷ್ಟಾಚಾರದ ಆರೋಪಗಳನ್ನು. ಜನ ಬೇಡವೆಂದರು, ಆದ್ದರಿಂದ ಬಿಟ್ಟೆವು ಎಂಬ ಸರಳ ವಾಕ್ಯ ಯಾವ ಸರ್ಕಾರದ ಬಾಯಿಗೂ ಸುಲಭವಾಗಿ ಬರುವುದಿಲ್ಲ.

ಎರಡನೆಯದು ಊರಾಚೆಯ ಪೆರಿಫೆರಲ್ ವರ್ತುಲ ರಸ್ತೆ. ತುಮಕೂರು ರಸ್ತೆಯಿಂದ ಹೊರಟು ಯಲಹಂಕದ ಕಡೆಯ ಹಳ್ಳಿಗಳನ್ನು ಹಾದು, ಬಳ್ಳಾರಿ ರಸ್ತೆಯನ್ನೂ ಹಳೆ ಮದ್ರಾಸ್ ರಸ್ತೆಯನ್ನೂ ದಾಟಿ ಹೊಸೂರು ರಸ್ತೆ ಸೇರುವ ಸುಮಾರು 65 ಕಿಲೋಮೀಟರಿನ ದಾರಿ. ಭೂಮಿಗೆ ಮೊದಲ ಅಧಿಸೂಚನೆ 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. 2014ರಲ್ಲಿ ಪರಿಸರ ಅನುಮತಿ ದೊರೆತದ್ದು ಎಂಥ ವರದಿಯ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ಹೋಗುವ ಮರಗಳು 200ರಿಂದ 500 ಎಂದಿತ್ತು ಅದು. ಅರಣ್ಯ ಇಲಾಖೆಯ ಎಣಿಕೆಯಲ್ಲಿ ಅವು 16,785! 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟು, ವರದಿ ದೋಷಪೂರಿತ, ಮತ್ತೆ ಅಧ್ಯಯನ ಮಾಡಿ ಎಂದಿತು. ಕಚೇರಿಯ ಹೊರಗಿನವರೊಬ್ಬರು ಮರ ಎಣಿಸಿದ ಮೇಲೆಯೇ ಅಹವಾಲಿಗೆ ಬೆಲೆ ಬಂದುದು. ಬರಿಯ ಆಕ್ಷೇಪಣೆಯನ್ನು ಕಡತಕ್ಕೆ ಸೇರಿಸಿ ಮುಗಿಸಬಹುದಾಗಿತ್ತು. ಎಣಿಕೆಯನ್ನು ಹಾಗೆ ಮುಗಿಸಲಾಗಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಅಹವಾಲು ಸಭೆಯಲ್ಲಿ ರೈತರು ಮರಕ್ಕಿಂತ ಹೆಚ್ಚಾಗಿ ಪರಿಹಾರದ ಮಾತೆತ್ತಿದರು. ಅವರದು ಬೇರೆಯೇ ಸಂಕಟ. ಅಧಿಸೂಚನೆಯಾದ ಹೊಲವನ್ನು ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ. ರಸ್ತೆಯೂ ಬರಲಿಲ್ಲ, ದುಡ್ಡೂ ಬರಲಿಲ್ಲ. 2013ರ ಹೊಸ ಕಾಯಿದೆಯಂತೆ ಬೆಲೆ ಕೊಡಿ ಎಂದು ಅವರು ಕೇಳಿದರು. ಪ್ರಾಧಿಕಾರದ ಭೂಸ್ವಾಧೀನಕ್ಕೆ ಆ ಕಾಯಿದೆ ಅನ್ವಯಿಸದೆಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆಬ್ಬಾಳದ ಸಾಲಿನಲ್ಲಿ ನಿಂತವರಿಗೆ ಐದು ತಿಂಗಳೊಳಗೆ ಉತ್ತರ ಸಿಕ್ಕಿತು. ವರ್ತುಲ ರಸ್ತೆಗಾದರೋ ಈಚೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರು ಬಂದಿದೆ. ರೈತರ ಪಹಣಿಯ ಮೇಲೆ ಬಿದ್ದ ಗುರುತು 2005ರದ್ದು.